ಇಪ್ಪತ್ತಮೂರರ ಆಚೆ

ಇವತ್ತು ಬರಬೇಡ ಎಂದು ಮಗ ಹೇಳಿದ್ದಕ್ಕಿಂತ, ಹೇಳುವಾಗ ಅವನು ಶೂ ಲೇಸು ಕಟ್ಟುವ ನೆಪದಲ್ಲಿ ತಲೆ ತಗ್ಗಿಸಿದ್ದು ಅವಳನ್ನು ಹೆಚ್ಚು ಕೆಣಕುತ್ತಿತ್ತು. ಮುಖ ನೋಡಿ ಹೇಳಿದ್ದರೆ ಜಗಳವಾಡಬಹುದಿತ್ತು. ನೆತ್ತಿಯ ಜೊತೆ ಯಾರಾದರೂ ಜಗಳವಾಡುತ್ತಾರೆಯೇ? "ನನ್ನ ಕ್ಲಾಸಿನವರೆಲ್ಲ ಬರ್ತಾರೆ ಅಮ್ಮ ನಿಮ್ಮ ಚಾರ್ಟ್ ಪ್ರದರ್ಶನಕ್ಕೆ. ಒಂದೇ ಒಂದಿನ ಹುಷಾರಿಲ್ಲ ಅಂತ ಹೇಳ್ಬಿಡು. ನಿನ್ನ ಮೂಗು ನನ್ನ ಮೂಗು ಒಂದೇ ಅಚ್ಚು, ಅಕ್ಕಪಕ್ಕ ನಿಂತ್ರೆ ಕುರುಡನಿಗೂ ಗೊತ್ತಾಗತ್ತೆ" ಎಂದು ನೆತ್ತಿ ಹೇಳಿತ್ತು. ಆಮೇಲೆ ಎದ್ದು, ಅವಳ ಕಡೆ ಒಂದು ಅರೆ ನಗೆ ಎಸೆದು, ಮೊದಲನೇ ಲಾಂಚಿಗೇ ಹೋಗಿಬಿಟ್ಟಿದ್ದ. ಗಂಡ ಪೇಪರಿನ ಹಿಂದಿನಿಂದಲೇ, "ಕಾಲೇಜಿನ ಜಗಳ ಕಾಲೇಜಲ್ಲೇ ಇಟ್ಕೊಳ್ರಪ್ಪ. ಇಬ್ಬರು ಸ್ಟೂಡೆಂಟ್ಸನ್ನ ಸಾಕೋ ಶಕ್ತಿ ನನಗಿದೆ, ಸಮಾಧಾನ ಮಾಡೋ ಶಕ್ತಿ ಇಲ್ಲ" ಎಂದಿದ್ದ. ಸಾಕುವುದರಲ್ಲಿ ಅರ್ಧ ತನ್ನ ಲಾಂಚ್ ಟಿಕೆಟ್ ಕೌಂಟರಿನ ಸಂಬಳದ್ದು ಎಂದು ಹೇಳಬೇಕೆನಿಸಿ, ನೀರು ಕುಡಿದು ಸುಮ್ಮನಾಗಿದ್ದಳು. ಈಗ ಲಾಂಚಿನ ಕಂಬಿ ಹಿಡಿದು ನಿಂತಾಗ ಆ ಮಾತು ಗಂಟಲಲ್ಲೇ ಇತ್ತು, ನೀರಿನಿಂದ ಇಳಿದಿರಲಿಲ್ಲ. ಹೆಗಲ ಚೀಲದಲ್ಲಿ, ತಂಡದ ಇಬ್ಬರು ಚಾರ್ಟಿಗೆ ಬೇಡವೆಂದು ಬದಿಗಿಟ್ಟಿದ್ದ ಬಣ್ಣದ ಕಾಗದದ ಚೂರುಗಳಿದ್ದವು. ಯಾಕೆ ತಂದಳೋ ಅವಳಿಗೇ ಗೊತ್ತಿರಲಿಲ್ಲ. ಹುಷಾರಿಲ್ಲ ಎಂದು ಹೇಳಲು ಫೋನು ಕೈಯಲ್ಲೇ ಇತ್ತು. ಲಾಂಚು ಆ ದಡ ಮುಟ್ಟುವವರೆಗೂ ಸಮಯವಿತ್ತು.

ಎಷ್ಟೋ ವರ್ಷ ಅವಳಿಗೆ ವಿಶ್ವವಿದ್ಯಾಲಯವೆಂದರೆ ಬರೀ ಕೈಗಳು. ಕೌಂಟರಿನ ಗಾಜಿನಲ್ಲಿ ಕೊರೆದ ತೂತಿನಿಂದ ಬೆಳಿಗ್ಗೆ ಬೆಳಿಗ್ಗೆ ಒಳಬರುವ ಕೈಗಳು: ಇಂಕಿನ ಕಲೆಯವು, ಉಗುರು ಕಚ್ಚಿದವು, ಪ್ರೇಮಿಯ ಹೆಸರನ್ನು ಪೆನ್ನಿನಲ್ಲಿ ಬರೆದುಕೊಂಡು ಅರ್ಧ ಅಳಿಸಿದವು. ಕೈ ಬಂದು ಟಿಕೆಟ್ಟು ತೆಗೆದುಕೊಂಡು ಹೋಗುತ್ತಿತ್ತು. ಆ ಕೈಯ ಹಿಂದಿನ ಮನುಷ್ಯ ನೀರು ದಾಟಿ, ದಿಬ್ಬದ ಮೇಲಿನ ಬಿಳಿ ಕಟ್ಟಡಗಳೊಳಗೆ ಹೊಕ್ಕು ಏನೋ ಆಗಿಬಿಡುತ್ತಿದ್ದ. ಸ್ಕೂಲು ಬಿಟ್ಟ ಮೇಲೆ ಮಗ ಕೌಂಟರಿನ ಕೆಳಗೆ, ಅವಳ ಕಾಲಿನ ಹತ್ತಿರ ಕೂತು ಹೋಂವರ್ಕ್ ಮಾಡುತ್ತಿದ್ದ. ನಡುನಡುವೆ ಎದ್ದು ತೂತಿಗೆ ಬಾಯಿಟ್ಟು, ಹೊರಗೆ ನಿಂತವರಿಗೆಲ್ಲ "ಇವ್ರು ನಮ್ಮಮ್ಮ" ಎಂದು ಹೇಳುತ್ತಿದ್ದ, ಯಾರೂ ಕೇಳದಿದ್ದರೂ. ಅದೇ ಹುಡುಗ ಹೋದ ವರ್ಷ ಕಾಲೇಜು ಸೇರಿದ. ಈ ವರ್ಷ ಅವಳೂ ಸೇರುತ್ತೇನೆಂದಾಗ ಕುಣಿದಾಡಿದವನೂ ಅವನೇ. "ನೆನಪಿಟ್ಕೋ, ನಾನು ನಿನ್ನ ಸೀನಿಯರ್. ಎದುರಿಗೆ ಸಿಕ್ಕಾಗ ನಮಸ್ಕಾರ ಹೊಡೀಬೇಕು" ಎಂದು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವಳು ಹೊಡೆದಿದ್ದಳು ಕೂಡ, ಅಡುಗೆಮನೆಯಲ್ಲಿ, ಸೌಟು ಹಿಡಿದ ಕೈಯಲ್ಲಿ.

ತಪ್ಪು ತನ್ನದೇ ಎಂದು ಅವಳು ಬಲ್ಲಳು. ಮೊದಲ ವಾರ, ಕ್ಯಾಂಟೀನಿನ ಗದ್ದಲದಲ್ಲಿ ಕೈಯಲ್ಲಿ ತಟ್ಟೆ ಹಿಡಿದು ಎಲ್ಲಿ ಕೂರುವುದೆಂದು ತಿಳಿಯದೆ, ಎಲ್ಲ ಮೇಜುಗಳೂ ತುಂಬಿ, ಎಲ್ಲ ಮೇಜಿನವರೂ ಇವಳು ಯಾರ ಊಟ ತಂದಿದ್ದಾಳೆಂದು ನೋಡುತ್ತಿದ್ದಾಗ, ಆ ಮೂಲೆಯಲ್ಲಿ ಅವನ ನೆತ್ತಿಯ ಸುಳಿ ಕಂಡಿತ್ತು. ಮುಳುಗುವವಳ ಹಾಗೆ, "ಗುಬ್ಬೀ!" ಎಂದು ಕೂಗಿಬಿಟ್ಟಿದ್ದಳು. ಮನೆಯ ಹೆಸರು. ತಾನೇ ಇಟ್ಟದ್ದು, ಅವನು ಅಂಗೈಯಷ್ಟಿದ್ದಾಗ. ಕ್ಯಾಂಟೀನು ಒಂದು ಕ್ಷಣ ನಿಂತು, ಆಮೇಲೆ ಮೇಜಿನಿಂದ ಮೇಜಿಗೆ ಆ ಹೆಸರನ್ನು ಎತ್ತಿ ಆಡಿತ್ತು. ಕೂಗಿದವಳು ಪಕ್ಕದ ಮನೆಯವಳಿರಬೇಕೆಂದು ಎಲ್ಲರೂ ಅಂದುಕೊಂಡಿದ್ದರು, ಅವನು ತಿದ್ದಿರಲಿಲ್ಲ. ಅವನನ್ನು ಈಗಲೂ ಎಲ್ಲರೂ ಹಾಗೇ ಕರೆಯುತ್ತಾರೆ; ಪರೀಕ್ಷೆಯ ಹಾಲಿನಲ್ಲಿ ಹಾಜರಿ ಕೂಗಿದಾಗ ಹಿಂದಿನಿಂದ ಯಾರೋ ಚಿಂವ್ ಎನ್ನುತ್ತಾರಂತೆ. ಆ ದಿನ ಸಂಜೆ ಅವನು ಸಿಟ್ಟಾಗಲಿಲ್ಲ, ಅದೇ ಕಷ್ಟ. ಮೆಲ್ಲಗೆ, ದೊಡ್ಡವನ ಹಾಗೆ ಹೇಳಿದ: "ಕ್ಯಾಂಪಸ್ಸಲ್ಲಿ ನೀನು ನೀನು, ನಾನು ನಾನು. ಮನೇಲಿ ಅಮ್ಮ, ಮಗ. ಆಯ್ತಾ?" ಆಯಿತು ಎಂದಿದ್ದಳು. ಅಂದಿನಿಂದ ಲಾಂಚಿನಲ್ಲಿ ಅವನು ಹಿಂದೆ ಇದ್ದರೆ ಇವಳು ಮುಂದೆ. ಹುಡುಗರು ಒಬ್ಬರನ್ನೊಬ್ಬರು ಕರೆಯುವುದೇ ಮಗಾ ಎಂದು. ಬಾ ಮಗಾ, ಪೆನ್ ಕೊಡು ಮಗಾ, ಎಲ್ಲೋ ಸತ್ತಿದ್ದೆ ಮಗಾ. ಇಡೀ ದಿಬ್ಬದ ತುಂಬ ದಿನಕ್ಕೆ ಸಾವಿರ ಸಲ ಅವನನ್ನು ಮಗನೆಂದು ಕರೆಯುವವರಿದ್ದರು. ಇವಳೊಬ್ಬಳು ತುಟಿ ಬಿಗಿದು, ಲೈಬ್ರರಿಯ ಮೆಟ್ಟಿಲ ಮೇಲೆ ಅವನು ಎದುರಾದಾಗ ಗಡಿಯಾರ ನೋಡಿಕೊಳ್ಳುತ್ತ ಹಾದುಹೋಗುತ್ತಿದ್ದಳು. ಕೈಗೆ ಗಡಿಯಾರ ಕಟ್ಟುವ ಅಭ್ಯಾಸವೇ ಅವಳಿಗಿರಲಿಲ್ಲ.

ದಡ ಮುಟ್ಟಿತು. ಫೋನು ಚೀಲಕ್ಕೆ ಹೋಯಿತು. ಗೇಟಿನಲ್ಲಿ ಇವತ್ತು ಹೊಸ ಸೆಕ್ಯೂರಿಟಿಯವನು. ಹೊಸಬ ಬಂದಾಗಲೆಲ್ಲ ಇದು ಇದ್ದದ್ದೇ. "ಪೇರೆಂಟ್ಸ್‌ಗೆಲ್ಲ ಆ ಕಡೆ ಗೇಟು, ಮೇಡಂ." ಬೇರೆ ದಿನವಾದರೆ ಕಾರ್ಡು ತೋರಿಸಿ, ತಾನೇ ಏನೋ ತಪ್ಪು ಮಾಡಿದವಳಂತೆ ನಕ್ಕು ಒಳಹೋಗುತ್ತಿದ್ದಳು. ಇವತ್ತು ಕಾರ್ಡು ತೆಗೆಯಲು ಕೈ ಏಳಲಿಲ್ಲ.

"ನಾನು ಪೇರೆಂಟೂ ಹೌದು, ಸ್ಟೂಡೆಂಟೂ ಹೌದು. ಯಾವ ಗೇಟು ಅಂತ ನೀವೇ ಹೇಳಿ."

ಅವನು ಟೋಪಿ ಸರಿಸಿ ತಲೆ ಕೆರೆದುಕೊಂಡ. ಹಿಂದೆ ನಿಂತ ಹುಡುಗಿಯರು ಕಿಸಕ್ಕೆಂದರು. "ಎರಡೂ ಅಂದ್ರೆ... ಅರ್ಧ ಅರ್ಧ ಹೋಗೋಕಾಗಲ್ವಲ್ಲ. ಇಲ್ಲೇ ಹೋಗಿ" ಎಂದು ಪಕ್ಕಕ್ಕೆ ಸರಿದ. ಅವಳಿಗೂ ನಗು ಬಂತು. ಇಷ್ಟು ಚಿಕ್ಕ ಮಾತಿಗೆ ಇಷ್ಟು ಧೈರ್ಯ ಬೇಕಾದರೆ ದೊಡ್ಡ ಮಾತು ಆಡುವವರು ಹೇಗೆ ನಿಲ್ಲುತ್ತಾರೋ ಎಂದುಕೊಂಡು ದಿಬ್ಬ ಹತ್ತಿದಳು. ಉಪ್ಪುಗಾಳಿಗೆ ತುಕ್ಕು ಹಿಡಿದ ಕಿಟಕಿ ಸರಳುಗಳು, ಒಣಗಲು ಹಾಕಿದ ಹಾಸ್ಟೆಲಿನ ಬಟ್ಟೆಗಳು, ಯಾರೋ ಪೊದೆಯ ಹಿಂದೆ ಪಾಠ ಉರುಹೊಡೆಯುವ ದನಿ. ಇದೆಲ್ಲ ತನ್ನದು ಎಂದು ಅನಿಸಿದ ದಿನ ಒಂದೂ ಇಲ್ಲವೆಂದಲ್ಲ. ಅನಿಸಿದ ಮರುಕ್ಷಣ ಯಾರಾದರೊಬ್ಬರು ದಾರಿ ಬಿಟ್ಟು "ಬನ್ನಿ ಆಂಟಿ" ಎನ್ನುತ್ತಿದ್ದರು, ಬಹಳ ಮರ್ಯಾದೆಯಿಂದ. ಆ ಮರ್ಯಾದೆ ಅವಳನ್ನು ಗೇಟಿನಾಚೆ ತಂದು ಬಿಡುತ್ತಿತ್ತು.

ಸಂಖ್ಯಾಶಾಸ್ತ್ರದ ಮೇಷ್ಟ್ರು ಒಳ್ಳೆಯವರೇ. ವಯಸ್ಸಿನಲ್ಲಿ ಅವಳಿಗೆ ತಮ್ಮನಾಗಬೇಕು. ತರಗತಿಯಲ್ಲಿ ಎಲ್ಲರಿಗೂ ನೀನು, ಇವಳೊಬ್ಬಳಿಗೆ ನೀವು. ವರ್ಷದ ಆರಂಭದಲ್ಲಿ ಎಲ್ಲರ ವಯಸ್ಸನ್ನು ಚೀಟಿಯಲ್ಲಿ ಬರೆಸಿಕೊಂಡು ಸರಾಸರಿ ತೆಗೆಯುವುದನ್ನು ಕಲಿಸಿದ್ದರು. ಹದಿನೆಂಟು, ಹತ್ತೊಂಬತ್ತು, ಹದಿನೆಂಟು ಎಂದು ಬೋರ್ಡಿನ ಮೇಲೆ ಬರೆಯುತ್ತ ಹೋದವರು ಒಂದು ಚೀಟಿ ಬಿಚ್ಚಿ ನಿಂತಿದ್ದರು. "ನಲವತ್ತನಾಲ್ಕು! ಯಾರಪ್ಪ ಇದು ನಿದ್ದೆಗಣ್ಣಲ್ಲಿ ಬರೆದಿದ್ದು? ಇಪ್ಪತ್ತನಾಲ್ಕು ಇರ್ಬೇಕು" ಎಂದು ತಾವೇ ತಿದ್ದಿ ಬರೆದರು. ತರಗತಿ ತಿರುಗಿ ಅವಳನ್ನು ನೋಡಿತು. ಅವಳು ಏಳಬೇಕಿತ್ತು. ಏಳಲಿಲ್ಲ. ಮುಂದಿನ ಬೆಂಚಿನವನೇ ಕೈಯೆತ್ತಿ, "ಸರ್, ಅದು ಆಂಟೀದು" ಎಂದ. ಮೇಷ್ಟ್ರ ಕಿವಿ ಕೆಂಪಾದವು. "ಓ... ನೀವಾ? ಕ್ಷಮಿಸಿ, ಕ್ಷಮಿಸಿ" ಎಂದು ಡಸ್ಟರಿನಿಂದ ಆ ಸಂಖ್ಯೆಯನ್ನು ಪೂರ್ತಿ ಒರೆಸಿ, ಕೈಯ ಸೀಮೆಸುಣ್ಣದ ಪುಡಿ ಕೊಡವಿ, ತಪ್ಪಿನಿಂದಲೂ ಒಂದು ಪಾಠ ತೆಗೆದರು. ಗುಂಪಿನಿಂದ ಬಹಳ ದೂರ ಬಿದ್ದ ಒಂದು ಬಿಂದು ಇಡೀ ಸರಾಸರಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಅಂಥದ್ದನ್ನು ಲೆಕ್ಕದಿಂದ ಬಿಡುವುದು ವಾಡಿಕೆ. ಅವಳು ಅದನ್ನು ನೋಟ್ಸಿನಲ್ಲಿ ಬರೆದುಕೊಂಡಳು, ಚೆಂದದ ಅಕ್ಷರದಲ್ಲಿ, ಅಡಿಗೆರೆ ಎಳೆದು. ಆ ಅಡಿಗೆರೆಯ ನೆನಪಾದಾಗಲೆಲ್ಲ ಈಗಲೂ ಅವಳ ಕೆನ್ನೆ ಬಿಸಿಯಾಗುತ್ತದೆ.

ಪ್ರದರ್ಶನದ ಹಾಲ್ ಉದ್ದನೆಯದು, ಸಮುದ್ರದ ಕಡೆಗೆ ತೆರೆಯುವ ದೊಡ್ಡ ಬಾಗಿಲಿದ್ದದ್ದು. ಒಂದೊಂದು ತಂಡ ಕ್ಯಾಂಪಸ್ಸಿನ ವಿದ್ಯಾರ್ಥಿಗಳ ಬಗ್ಗೆ ಒಂದೊಂದು ಸಂಗತಿ ವಿಚಾರಿಸಿ ಗೋಡೆಗೆ ಚಾರ್ಟು ಹಚ್ಚಬೇಕಿತ್ತು: ಎಷ್ಟು ದೂರದಿಂದ ಬರುತ್ತಾರೆ, ಮನೆಯಲ್ಲಿ ಯಾವ ಭಾಷೆ, ಓದುತ್ತ ದುಡಿಯುವವರೆಷ್ಟು. ಇವಳ ತಂಡಕ್ಕೆ ವಯಸ್ಸು. ತಂಡವೆಂದರೆ ಇವಳು, ಒಬ್ಬಳು ಕನ್ನಡಕದ ಹುಡುಗಿ, ಒಬ್ಬ ಜುಟ್ಟಿನ ಹುಡುಗ. ಕ್ಯಾಂಟೀನು, ಲೈಬ್ರರಿ, ಲಾಂಚು ಎಲ್ಲ ಕಡೆ ಅಲೆದು ಕೇಳಿದ್ದವಳು ಇವಳೇ. ಒಬ್ಬ ವಿದ್ಯಾರ್ಥಿಗೆ ಒಂದು ಕಾಗದದ ಚೂರು, ಗೇಣುದ್ದ, ಬೆರಳಗಲ. ಒಂದರ ಮೇಲೊಂದು ಅಂಟಿಸುತ್ತ ಹೋದರೆ ಒಂದೊಂದು ವಯಸ್ಸಿಗೆ ಗೇಣಗಲದ ಒಂದೊಂದು ಕಂಬ ಏಳುತ್ತದೆ. ಉಪಾಯವೂ ಇವಳದೇ. ಹದಿನೇಳರಿಂದ ಹಿಡಿದು ಇಪ್ಪತ್ತಮೂರಕ್ಕೆ ಬರುವಷ್ಟರಲ್ಲಿ ಚಾರ್ಟಿನ ಕಾಗದ ಮುಗಿದಿತ್ತು. "ಆಮೇಲಿನವ್ರನ್ನ ಬಿಟ್ಬಿಡೋಣ ಆಂಟಿ" ಎಂದಿದ್ದಳು ಕನ್ನಡಕದ ಹುಡುಗಿ ನಿನ್ನೆ, ಪಾಪ, ಬಹಳ ಸಂಕಟದಿಂದಲೇ. "ನಿಮ್ಮನ್ನೂ ಹಾಕೋಕೆ ಹೋದ್ರೆ ಉಳಿದ ಕಂಬಗಳನ್ನೆಲ್ಲ ಬೆರಳಷ್ಟು ಸಣ್ಣ ಮಾಡ್ಬೇಕಾಗತ್ತೆ. ಚಾರ್ಟು ನೋಡೋಕೇ ಚೆನ್ನಾಗಿರಲ್ಲ." ಜುಟ್ಟಿನವನು, "ಕೆಳಗೆ ಮೂಲೇಲಿ ಇತರೆ ಅಂತ ಬರೆದ್ರಾಯ್ತು" ಎಂದ. ಅವಳು? ಅವಳು, "ಅಯ್ಯೋ ಪರವಾಗಿಲ್ಲ ಬಿಡ್ರೋ, ಚಾರ್ಟು ಚೆನ್ನಾಗಿ ಕಾಣ್ಲಿ" ಎಂದಿದ್ದಳು. ಯಾರೂ ಕತ್ತು ಹಿಡಿದು ಹೇಳಿಸಿರಲಿಲ್ಲ.

ಈಗ ಆ ಚಾರ್ಟಿನ ಮುಂದೆ ನಿಂತಳು. ನಿಜವಾಗಿಯೂ ಚೆನ್ನಾಗಿತ್ತು. ಹತ್ತೊಂಬತ್ತರ ಕಂಬ ಎಲ್ಲಕ್ಕಿಂತ ಎತ್ತರ, ಅವಳ ತಲೆಯನ್ನೂ ಮೀರಿ. ಅದರೊಳಗೆ ಎಲ್ಲೋ ಒಂದು ಚೂರು ಅವನದು. ವಯಸ್ಸು ಕೇಳಿದಾಗ ಯಾರಿಗೋ ಹೇಳುವವನಂತೆ "ಹತ್ತೊಂಬತ್ತು" ಎಂದಿದ್ದ, ಅವಳೂ ಯಾರದೋ ಎಂಬಂತೆ ಬರೆದುಕೊಂಡಿದ್ದಳು. ಹೆರಿಗೆಯ ಬೆಳಗು ಗೊತ್ತಿದ್ದವಳು. ಕೊನೆಯ ಕಂಬದ ಬುಡದಲ್ಲಿ, ಚಾರ್ಟಿನ ಮೂಲೆಯಲ್ಲಿ, ಸಣ್ಣಗೆ ಇತರೆ ಎಂಬ ಪದ. ಉಪ್ಪು ತೇವಕ್ಕೆ ಕಾಗದದ ಆ ಮೂಲೆ ಆಗಲೇ ಮೇಲೆದ್ದು ಸುರುಳಿಯಾಗುತ್ತಿತ್ತು. ಅವಳು ಒತ್ತಿದಳು. ಮತ್ತೆ ಎದ್ದಿತು. ಒತ್ತಲು ಇಟ್ಟ ಹೆಬ್ಬೆರಳು ಅಲ್ಲೇ ಉಳಿಯಿತು, ಕಿರುಬೆರಳು ತಾನಾಗಿಯೇ ಚಾಚಿ ಬರಿಗೋಡೆಯನ್ನು ಮುಟ್ಟಿತು. ಒಂದು ಗೇಣು. ಇಪ್ಪತ್ತನಾಲ್ಕು.

"ಏನ್ಮಾಡ್ತಿದೀರಾ ಆಂಟಿ?" ಎಂದಳು ಕನ್ನಡಕದ ಹುಡುಗಿ.

"ಅಳೀತಿದೀನಿ."

ಇಪ್ಪತ್ತೈದು. ಆ ಗೇಣಿನಲ್ಲಿ ಅವನು ಹುಟ್ಟಿದ್ದು, ಸುಳಿಯ ಮೇಲೆ ಮೂಗಿಟ್ಟರೆ ಬೆಚ್ಚಗಿನ ಹಾಲಿನ ವಾಸನೆ. ಪಕ್ಕದ ತಂಡದ ಚಾರ್ಟು ಶುರುವಾಯಿತು. ಅದರ ಕೆಳಗಿನ ಖಾಲಿ ಗೋಡೆಯ ಮೇಲೆ, ಸೊಂಟದ ಎತ್ತರದಲ್ಲಿ, ಕೈ ಹುಳುವಿನ ಹಾಗೆ ಮಡಿಚಿ ಚಾಚಿ ಮಡಿಚಿ ಚಾಚಿ ಮುಂದೆ ಸಾಗಿತು. "ಆಂಟಿ, ಅದು ನಮ್ಮ ಜಾಗ" ಎಂದರು ಆ ತಂಡದವರು. "ನಿಮ್ಮ ಚಾರ್ಟು ಮುಟ್ಟಲ್ಲ ಕಣ್ರೋ, ಕೆಳಗಡೆಯಿಂದ ದಾಟ್ಕೊಂಡು ಹೋಗ್ತೀನಿ." ಇಪ್ಪತ್ತೇಳಕ್ಕೆ ಬಂದಾಗ ಅವಳಿಗೆ ನೆನಪಾಯಿತು. ಇಲ್ಲಿ ಒಬ್ಬನಿದ್ದಾನೆ. ಹಡಗಿನ ಕೆಲಸ ಬಿಟ್ಟು ಬಂದವನು, ಲೈಬ್ರರಿಯ ಕೊನೆಯ ಮೇಜಿನಲ್ಲಿ ಸದಾ ಒಬ್ಬನೇ ಕೂರುವವನು; ವಯಸ್ಸು ಕೇಳಿದಾಗ ಬಾಗಿಲ ಕಡೆ ನೋಡಿ ಮೆಲ್ಲಗೆ ಹೇಳಿದ್ದ. ಚೀಲದಿಂದ ಒಂದು ಚೂರು ತೆಗೆದು ಅಂಟಿಸಿದಳು. ಒಂಟಿ ಚೂರು, ನೆಲಕ್ಕೆ ಬಿದ್ದ ಎಲೆಯಷ್ಟೇ ತೆಳ್ಳಗೆ, ಗೋಡೆಯ ಮೇಲೆ. ಇಪ್ಪತ್ತೆಂಟು: ಕೌಂಟರಿನ ಮೊದಲ ದಿನ, ಕುರ್ಚಿ ಎತ್ತರ ಸಾಲದೆ ಟೆಲಿಫೋನ್ ಡೈರೆಕ್ಟರಿಯ ಮೇಲೆ ಕೂತದ್ದು. ಮೂವತ್ತೊಂದರಲ್ಲಿ ಮತ್ತೊಂದು ಚೂರು, ಇನ್ನೊಬ್ಬ ವಿದ್ಯಾರ್ಥಿನಿಯದು: ಮಗುವನ್ನು ತಾಯಿಯ ಹತ್ತಿರ ಬಿಟ್ಟು ಬರುವವಳು, ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸಿ ಬೈಸಿಕೊಳ್ಳುವವಳು. ಮೂವತ್ತಾರು. ಆ ವರ್ಷ ಏನಾಗಿತ್ತು? ಏನೂ ನೆನಪಾಗಲಿಲ್ಲ. ಬರೀ ಕೈಗಳು, ತೂತು, ಗಾಜಿನ ಮೇಲೆ ತನ್ನದೇ ಉಸಿರು. ಒಂದು ಇಡೀ ವರ್ಷ ಒಂದು ಗೇಣು ಖಾಲಿ ಗೋಡೆ. ಅದನ್ನು ದಾಟಲು ಅವಳಿಗೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಸುತ್ತ ಜನ ಸೇರುತ್ತಿದ್ದರು. ಯಾರೋ ಫೋನು ಎತ್ತಿ ಹಿಡಿದಿದ್ದರು. ಬೆನ್ನ ಹಿಂದೆ ಮೇಷ್ಟ್ರ ದನಿ ಕೇಳಿತು. "ಮೇಡಂ, ಏನಿದು? ಕುಲಪತಿಗಳು ಈ ಕಡೆ ಹೊರಟಾಯ್ತು."

"ನಮ್ಮ ಚಾರ್ಟು ಪೂರ್ತಿ ಮಾಡ್ತಿದೀನಿ ಸರ್."

"ಕಾಗದ ಅಲ್ಲಿಗೇ ಮುಗೀತಲ್ಲ?"

"ಕಾಗದ ಮುಗೀತು ಸರ್. ವಿದ್ಯಾರ್ಥಿಗಳು ಮುಗೀಲಿಲ್ಲ."

"ಹಾಗಲ್ಲ ಮೇಡಂ... ಇಂಥದ್ದನ್ನ ಲೆಕ್ಕದಿಂದ ಬಿಡೋದು..."

"ವಾಡಿಕೆ. ಬರ್ಕೊಂಡಿದೀನಿ ಸರ್, ಅಡಿಗೆರೆ ಹಾಕಿ." ಅವಳು ತಿರುಗಿ ಅವರ ಮುಖ ನೋಡಿದಳು. ತಮ್ಮನಂಥ ಮುಖ, ಬೆವರಿತ್ತು. ಅವರ ಮೇಲೆ ಸಿಟ್ಟೇ ಇರಲಿಲ್ಲವೆಂದು ತಿಳಿದು ಅವಳಿಗೇ ಆಶ್ಚರ್ಯವಾಯಿತು. "ನೀವು ಬಿಟ್ಟಾಗ ನಾನು ಸುಮ್ನೆ ಕೂತಿದ್ದೆ ಸರ್. ಇವತ್ತು ಕೂರೋಕಾಗ್ತಿಲ್ಲ. ಮಾರ್ಕ್ಸ್ ಕಳೆದ್ರೆ ನನ್ನದು ಕಳೀರಿ, ಈ ಮಕ್ಕಳದ್ದು ಬೇಡ." ಜುಟ್ಟಿನ ಹುಡುಗ ಯಾವಾಗಲೋ ಗಮ್ ಟೇಪು ಹಿಡಿದು ಅವಳ ಹಿಂದೆ ಬಂದು ನಿಂತಿದ್ದ. "ಎಷ್ಟಕ್ಕೆ ಬಂದ್ರಿ ಆಂಟಿ?" ಎಂದ. "ನಲವತ್ತು" ಎಂದಳು. "ಹತ್ರ ಬಂತು, ಹತ್ರ ಬಂತು" ಎಂದ ಅವನು, ಓಟದ ಪಂದ್ಯದಲ್ಲಿ ಕೂಗುವವನಂತೆ.

ಗೋಡೆ ಮುಗಿದು ಬಾಗಿಲು ಬಂತು. ಗಾಳಿಗೆ ಬಡಿಯದಿರಲೆಂದು ಅದರ ರೆಕ್ಕೆಯನ್ನು ಪೂರ್ತಿ ತೆರೆದು ಗೋಡೆಗೆ ಆನಿಸಿದ್ದರು, ಮತ್ತು ಅದು ತಿರುಗಿ ಮುಚ್ಚದಂತೆ ಬೆನ್ನು ಕೊಟ್ಟು ನಿಂತವನು ಅವನೇ. ಸುತ್ತ ಅವನ ಗೆಳೆಯರು. ಅವಳು ಬಗ್ಗಿದ್ದರಿಂದ ಮೊದಲು ಕಂಡದ್ದು ಶೂ, ಬೆಳಿಗ್ಗೆ ಕಟ್ಟಿದ ಲೇಸು. ಕೈ ಬಾಗಿಲ ಮರದ ಮೇಲೆ ಸಾಗಿ, ನಲವತ್ತಮೂರರ ಕೊನೆಗೆ, ಅವನ ಸೊಂಟದ ಬಳಿ ನಿಂತಿತು. ಮುಂದಿನ ಗೇಣು ಅವನ ಬೆನ್ನ ಹಿಂದೆ ಇತ್ತು. ಅವಳು ತಲೆಯೆತ್ತಿದಳು. ಅವನ ಮುಖ ಸುಣ್ಣದಂತಾಗಿತ್ತು. ಎಷ್ಟು ಹೊತ್ತಿನಿಂದ ಅವನು ಈ ಕೈ ತನ್ನತ್ತ ಗೇಣು ಗೇಣಾಗಿ ಬರುವುದನ್ನು ನೋಡುತ್ತ ನಿಂತಿದ್ದನೋ. ಓಡಿಹೋಗಬಹುದಿತ್ತು, ಹೋಗಿರಲಿಲ್ಲ. ಈಗಲೂ ಇವಳು ಗಡಿಯಾರ ನೋಡಿಕೊಂಡು ಹಿಂದಿರುಗಬಹುದಿತ್ತು. ನಲವತ್ತಮೂರಕ್ಕೇ ಒಂದು ಚೂರು ಅಂಟಿಸಿಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಒಂದು ಗೇಣಿನ ಸುಳ್ಳು. ಮನೆಯಲ್ಲಿ ಅಮ್ಮ ಮಗ ಎಂದಿನಂತೆ ಉಳಿಯುತ್ತಿದ್ದರು.

"ಸ್ವಲ್ಪ ಸರಿ" ಎಂದಳು.

"ಸಾರಿ ಆಂಟಿ" ಎಂದ ಅವನು, ಬಹಳ ಮರ್ಯಾದೆಯಿಂದ, ಪಕ್ಕಕ್ಕೆ ಸರಿಯುತ್ತ.

ಅವಳು ಒಂದು ಕ್ಷಣ ಬಾಗಿಲ ಮರವನ್ನೇ ನೋಡಿದಳು, ಬಣ್ಣ ಎದ್ದುಹೋದ ಜಾಗವನ್ನು. ಅವನು ಕೆಟ್ಟವನಲ್ಲ. ಹೆದರಿದ್ದಾನೆ, ಅಷ್ಟೇ. ತಾನೂ ಹೆದರಿದ್ದೇನೆ. ಆದರೆ ಇಬ್ಬರ ಹೆದರಿಕೆಯನ್ನೂ ತಾನೊಬ್ಬಳೇ ಎಷ್ಟು ದಿನ ಹೊತ್ತು ದಡ ದಾಟಿಸುವುದು?

"ಆಂಟಿ ಅಲ್ಲ" ಎಂದಳು. ದನಿ ಹಾಲಿನ ಆ ತುದಿಯವರೆಗೂ ಹೋಯಿತು. "ಅಮ್ಮ."

ಯಾರೂ ನಗಲಿಲ್ಲ. ಗೆಳೆಯನೊಬ್ಬ ಬಾಯಿ ತೆರೆದು, ಅವನನ್ನೂ ಅವಳನ್ನೂ, ಮತ್ತೆ ಅವನನ್ನೂ ನೋಡಿ, "ಹೌದೇನೋ? ಮೂಗು..." ಎಂದು ಅರ್ಧಕ್ಕೆ ನಿಲ್ಲಿಸಿದ. ಮಗನ ಬೆನ್ನಿನ ಆಸರೆ ತಪ್ಪಿದ ಬಾಗಿಲು ಸಮುದ್ರದ ಗಾಳಿಗೆ ಗೋಡೆ ಬಿಟ್ಟು ಕದಲಿತು.

"ಬಾಗಿಲು ಹಿಡ್ಕೋ" ಎಂದಳು, ಮನೆಯಲ್ಲಿ ಹೇಳುವ ಹಾಗೇ, ಅವನತ್ತ ನೋಡದೆ. "ಬಿಟ್ರೆ ಅಳತೆ ತಪ್ಪತ್ತೆ."

ಒಂದು ಕೈ ಬಂದು ಬಾಗಿಲ ಅಂಚನ್ನು ಹಿಡಿಯಿತು. ಉಗುರು ಕಚ್ಚಿದ ಕೈ. ಅದು ತನಗಾಗಿ ಹಿಡಿದದ್ದೋ, ಇಷ್ಟು ಜನರ ಕಣ್ಣೆದುರು ಬಿಡಲಾಗದೆ ಹಿಡಿದದ್ದೋ, ಸಂಜೆ ಲಾಂಚಿನಲ್ಲಿ ಅವನು ಎಲ್ಲಿ ಕೂರುತ್ತಾನೋ, ಕೂರುತ್ತಾನೋ ಇಲ್ಲವೋ, ಅವಳು ಕೇಳಿಕೊಳ್ಳಲಿಲ್ಲ. ಕೊನೆಯ ಗೇಣು ಚಾಚಿದಳು. ಚೂರು ಇಟ್ಟು, ಟೇಪು ಹಚ್ಚಿ, ತೇವದ ಮರದ ಮೇಲೆ ಹೆಬ್ಬೆರಳಿನಿಂದ ಅದು ಕಚ್ಚಿಕೊಳ್ಳುವವರೆಗೂ ತಿಕ್ಕಿದಳು. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗೆ ನಿಂತಳು.

ಅಷ್ಟರಲ್ಲಿ ಕುಲಪತಿಗಳು ಬಂದಿದ್ದರು. ಮೇಷ್ಟ್ರು ಏನೋ ವಿವರಿಸಲು ಹೊರಟು ಮಾತು ಸಿಗದೆ ಅವಳ ಕಡೆ ಕೈ ತೋರಿಸಿದರು. ದೊಡ್ಡವರು ಬಾಗಿಲ ಮೇಲಿನ ಒಂಟಿ ಚೂರಿನ ಹತ್ತಿರ ಬಂದು, ಕನ್ನಡಕ ಏರಿಸಿ, ಮೂಗು ತಾಗುವಷ್ಟು ಬಗ್ಗಿ, "ಏನಮ್ಮ ಇದು? ಇಲ್ಲೊಂದು ಕಾಗದ ಅಂಟಿದೆ ಅಷ್ಟೇ" ಎಂದರು.

"ಇದು ಇಲ್ಲಿಂದ ಶುರುವಾಗಲ್ಲ ಸರ್" ಎಂದಳು ಅವಳು. "ಸ್ವಲ್ಪ ಹಿಂದೆ ಸರಿದು ನಿಂತ್ಕೊಳ್ಳಿ. ಇನ್ನೂ ಸ್ವಲ್ಪ. ನೀವೂ ಸರ್, ನೀವೆಲ್ರೂ. ಹತ್ರದಿಂದ ಪೂರ್ತಿ ಕಾಣಲ್ಲ."